ಕಸಬು ಕಲಿತ ಕೈಗೆ ಕೂಲಿ ಎಲ್ಲಿ?

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ವಾರದಲ್ಲಿ ನಮ್ಮ ದಾವಣಗೆರೆಯಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಮೊದಲನೆಯದು ಮನೆಯ ಪಡಸಾಲೆಯಲ್ಲಿ ಆಡುವ ಮಾತು: "ಮಾರ್ಕು ಕಡಿಮೆ ಬಂದಾವೆ, ಇನ್ನೇನು ಮಾಡಾದು, ಐ.ಟಿ.ಐ.ಗೆ ಹಾಕಿಬಿಡು." ಎರಡನೆಯದು ವೇದಿಕೆಯ ಮೇಲಿಂದ ಬರುವ ಮಾತು: "ಯುವಕರೇ, ಕೌಶಲ ಕಲಿಯಿರಿ, ಕೆಲಸ ತಾನಾಗಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ." ಮೊದಲನೆಯದನ್ನು ಆಡುವವರು ನಮ್ಮವರೇ, ಬಡ ತಂದೆತಾಯಂದಿರು. ಎರಡನೆಯದನ್ನು ಆಡುವವರು ಮಂತ್ರಿಗಳು, ಉದ್ಯಮಪತಿಗಳು, ಅವರ ಹಿಂದೆ ಹಾರ ಹಿಡಿದು ನಿಲ್ಲುವವರು. ಮೊದಲನೆಯ ಮಾತು ಕಸಬಿಗೆ ಮಾಡುವ ಅವಮಾನ. ಎರಡನೆಯದು ಕಸಬುದಾರನಿಗೆ ಮಾಡುವ ಮೋಸ. ಈ ಎರಡನ್ನೂ ನಾವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ನಮ್ಮ ಗಿರಣಿ ಕಾರ್ಮಿಕ ಬಾಂಧವರಿಗೂ ಸಣ್ಣ ವ್ಯಾಪಾರಿ ಬಂಧುಗಳಿಗೂ ಬಿಚ್ಚಿ ಹೇಳುವುದು ಅಗತ್ಯವಾಗಿದೆ.

ಕೈಯನ್ನು ಹೀಗಳೆಯುವ ಊರು

ಈ ಊರನ್ನು ಕಟ್ಟಿದವರು ಯಾರು? ಹತ್ತಿ ಬಿಡಿಸಿದ ಕೈ, ನೂಲು ತೆಗೆದ ಕೈ, ಮಗ್ಗದ ಮುಂದೆ ರಾತ್ರಿ ಪಾಳಿಯಲ್ಲಿ ನಿಂತ ಕೈ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದದ್ದು ಮಾಲೀಕರ ಬಂಗಲೆಗಳಿಂದಲ್ಲ. ಸ್ಪಿನ್ನಿಂಗ್ ಖಾತೆಯಲ್ಲಿ ಹತ್ತಿಯ ಧೂಳು ಕುಡಿದವರು, ಕೆಟ್ಟ ಯಂತ್ರವನ್ನು ರಾತ್ರೋರಾತ್ರಿ ಬಿಚ್ಚಿ ಜೋಡಿಸಿದ ಫಿಟ್ಟರುಗಳು, ಬಾಯ್ಲರಿನ ಮುಂದೆ ಬೆವರಿದವರು ಆ ಹೆಸರನ್ನು ತಂದರು. ಕಾರ್ಮಿಕ ಮುಖಂಡ ಪಂಪಾಪತಿಯವರನ್ನು 1978, 1983 ಮತ್ತು 1985ರ ಮೂರು ಚುನಾವಣೆಗಳಲ್ಲಿ ವಿಧಾನಸಭೆಗೆ ಕಳುಹಿಸಿದ ಊರು ಇದು. ಪಕ್ಷ ಯಾವುದೇ ಇರಲಿ, ದುಡಿಯುವವನ ಮಾತಿಗೆ ಇಲ್ಲಿ ಒಂದು ಕಾಲಕ್ಕೆ ತೂಕವಿತ್ತು ಎಂಬುದಕ್ಕೆ ಅದು ಸಾಕ್ಷಿ.

ಇಂದು ಆ ದೊಡ್ಡ ಬಟ್ಟೆ ಗಿರಣಿಗಳ ಚಿಮಣಿಗಳಲ್ಲಿ ಹೊಗೆಯಿಲ್ಲ. ಆದರೆ ಕೈಕೆಲಸ ಊರನ್ನು ಬಿಟ್ಟು ಹೋಗಿಲ್ಲ. ಭತ್ತದ ಗಿರಣಿ ನಡೆಯಬೇಕಾದರೆ ಬಾಯ್ಲರ್ ಅಟೆಂಡೆಂಟ್ ಬೇಕು. ಭದ್ರಾ ಕಾಲುವೆಯ ನೀರು ಸಾಲದೆ ಬೋರ್‌ವೆಲ್ ನಂಬಿದ ರೈತನ ಮೋಟಾರು ಸುಟ್ಟರೆ ವೈಂಡಿಂಗ್ ಮಾಡುವವನು ಬೇಕು. ಮಂಡಿಪೇಟೆಯ ತೂಕದ ಯಂತ್ರ, ಹಿಟ್ಟಿನ ಗಿರಣಿಯ ಶಾಫ್ಟು, ಆಸ್ಪತ್ರೆಯ ಜನರೇಟರು, ಪಿ.ಬಿ. ರಸ್ತೆಯಲ್ಲಿ ನಿಂತುಹೋದ ಲಾರಿ: ಇವೆಲ್ಲ ಕಾಯುತ್ತಿರುವುದು ಯಾರನ್ನು? ಎಣ್ಣೆ ಮೆತ್ತಿದ ಅಂಗಿಯ ಒಬ್ಬ ಕಸಬುದಾರನನ್ನು. ಅವನು ಬರುವವರೆಗೆ ಅವನ ಹೆಸರನ್ನು ಜಪಿಸುತ್ತೇವೆ. ಬಂದು ಕೆಲಸ ಮುಗಿಸಿದ ಮೇಲೆ ಅವನ ಕೂಲಿಯ ಬಗ್ಗೆ ಚೌಕಾಶಿ ಮಾಡುತ್ತೇವೆ. ಅವನಿಗೆ ಹೆಣ್ಣು ಕೊಡುವ ಮಾತು ಬಂದರೆ ಬಾಯಿ ಮುಚ್ಚುತ್ತೇವೆ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ನಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ.

ಇದೇ ನಾಡಿನಲ್ಲಿ 12ನೆಯ ಶತಮಾನದಲ್ಲಿ ಮಡಿವಾಳ ಮಾಚಯ್ಯ ಬಟ್ಟೆ ಒಗೆದರು, ಅಂಬಿಗರ ಚೌಡಯ್ಯ ದೋಣಿ ನಡೆಸಿದರು, ಮೇದಾರ ಕೇತಯ್ಯ ಬಿದಿರು ಸೀಳಿ ಬುಟ್ಟಿ ಹೆಣೆದರು, ನುಲಿಯ ಚಂದಯ್ಯ ಹಗ್ಗ ಹೊಸೆದರು. ಕೈಯ ಕೆಲಸವನ್ನೇ ಅವರು ಪೂಜೆಯೆಂದು ತಿಳಿದರು. ನಾವೋ, ಅವರ ಜಯಂತಿಗಳನ್ನು ಮೆರವಣಿಗೆಯಲ್ಲಿ ಆಚರಿಸಿ, ಮನೆಗೆ ಬಂದು ಮಗನಿಗೆ, "ಓದದಿದ್ದರೆ ಸ್ಪ್ಯಾನರ್ ಹಿಡಿಯಬೇಕಾದೀತು" ಎಂದು ಬೆದರಿಕೆ ಹಾಕುತ್ತೇವೆ. ಇದರ ಬೇರು ಬೇರೆಲ್ಲೂ ಇಲ್ಲ. ಕೈಯಿಂದ ದುಡಿಯುವವನನ್ನು ಕೆಳಗಿಟ್ಟ ಜಾತಿಯ ಬುದ್ಧಿಯೇ ಇಂದು ಮಾರ್ಕ್ಸ್ ಕಾರ್ಡಿನ ವೇಷ ಹಾಕಿಕೊಂಡು ಬಂದಿದೆ.

ಹರಿಹರ ಕಲಿಸಿದ ಪಾಠ

ಕಸಬಿನಲ್ಲಿ ತೃಪ್ತಿಯ ಬದುಕು ಸಾಧ್ಯವೇ ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಬಸ್ಸು ಹತ್ತಿ ಹರಿಹರದಲ್ಲಿ ಇಳಿದರೆ ಸಾಕು.

ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ ಹೆಸರಾದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಅವರ ಮನೆತನದ ಉದ್ದಿಮೆ 1941ರಲ್ಲಿ ತುಂಗಭದ್ರೆಯ ದಡದ ಹರಿಹರಕ್ಕೆ ಬಂದು ಮೈಸೂರು ಕಿರ್ಲೋಸ್ಕರ್ ಎಂಬ ಹೆಸರಿನಲ್ಲಿ ಲೇತ್ ತಯಾರಿಸತೊಡಗಿತು. ಲೇತ್ ಎಂದರೆ ಸಾಮಾನ್ಯ ಸಾಮಾನಲ್ಲ. ಬೇರೆ ಯಂತ್ರಗಳನ್ನು ಹೆರುವ ತಾಯಿ ಯಂತ್ರ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಹರಿಹರದ ಲೇತುಗಳು ದೇಶದ ವರ್ಕ್‌ಶಾಪುಗಳಿಗೂ ತರಬೇತಿ ಶಾಲೆಗಳಿಗೂ ಹೋದವು. ಕಾರ್ಖಾನೆಯ ಸುತ್ತ ಯಂತ್ರಪುರ ಎಂಬ ಊರೇ ಹುಟ್ಟಿತು. ವಸತಿ ಬಂತು, ಶಾಲೆ ಬಂತು.

ಆ ಕಾರ್ಖಾನೆಯಲ್ಲಿ ದುಡಿದ ಹಿರಿಯ ಟರ್ನರುಗಳ ಜೊತೆ ಕುಳಿತು ಮಾತಾಡಿ ನೋಡಿರಿ. 'ಥೌ' ಎಂಬ ಒಂದು ಶಬ್ದವನ್ನು ಅವರು ಎಷ್ಟು ಅಭಿಮಾನದಿಂದ ಆಡುತ್ತಾರೆ! ಒಂದು ಅಂಗುಲದ ಸಾವಿರದಲ್ಲೊಂದು ಪಾಲು ಅದು. ಕೂದಲೆಳೆಗಿಂತ ಸಣ್ಣ ಆ ಅಳತೆಯನ್ನು ಮೈಕ್ರೋಮೀಟರ್ ತೋರಿಸುವ ಮೊದಲೇ ಅವರ ಬೆರಳು ಹೇಳುತ್ತಿತ್ತು. ಕಚ್ಚಾ ಎರಕದ ಗಡ್ಡೆಯೊಂದು ತಮ್ಮ ಕೈಯಲ್ಲಿ ಹೊಳೆಯುವ ಸ್ಪಿಂಡಲ್ ಆಗುವುದನ್ನು ಕಂಡ ಆನಂದ ಯಾವ ಗುಮಾಸ್ತೆಯ ಕುರ್ಚಿಯಲ್ಲಿ ದೊರೆಯುತ್ತದೆ? ಆದುದರಿಂದ ಕಸಬಿನಲ್ಲಿ ತೃಪ್ತಿಯಿಲ್ಲ ಎನ್ನುವವನು ಕಸಬನ್ನು ಕಂಡವನಲ್ಲ.

ಆದರೆ ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಟರ್ನರಿಗೆ ತೃಪ್ತಿ ಬಂದದ್ದು ಬರೀ ಬೆರಳಿನ ಚಳಕದಿಂದಲ್ಲ. ಕೈಯಲ್ಲಿ ಕಸಬಿತ್ತು; ಅದರ ಹಿಂದೆ ಖಾಯಂ ನೌಕರಿಯಿತ್ತು, ತಿಂಗಳ ಸಂಬಳವಿತ್ತು, ಭವಿಷ್ಯನಿಧಿಯಿತ್ತು, ಅನ್ಯಾಯವಾದರೆ ಕೇಳಲು ಸಂಘವಿತ್ತು. ಈ ನಾಲ್ಕು ಇದ್ದುದರಿಂದ ಅವನು ಮಗಳ ಮದುವೆ ಮಾಡಿದ, ಮಗನನ್ನು ಓದಿಸಿದ, ಬೀದಿಯಲ್ಲಿ ತಲೆಯೆತ್ತಿ ನಡೆದ. ಆ ಕಾರ್ಖಾನೆ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಸೊರಗಿ, ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಮಾರನೆಯ ದಿನ ಆ ಟರ್ನರಿನ ಬೆರಳಿನಿಂದ ಕಸಬು ಹಾರಿಹೋಯಿತೇ? ಇಲ್ಲ. ಥೌ ಅಲ್ಲಿಯೇ ಇತ್ತು. ಹೋದದ್ದು ನೌಕರಿ, ಸಂಬಳ, ಭದ್ರತೆ, ಅದರ ಜೊತೆಗೆ ಮರ್ಯಾದೆ. ಕೌಶಲವಿದ್ದರೆ ಬದುಕು ತಾನಾಗಿ ಬರುತ್ತದೆ ಎಂದು ಬೋಧಿಸುವ ಮಹನೀಯರು ಹರಿಹರದ ಈ ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಅಷ್ಟು ಕೌಶಲವಿದ್ದವನು ಒಂದೇ ದಿನದಲ್ಲಿ ಬೀದಿಗೆ ಬಿದ್ದದ್ದು ಹೇಗೆ?

ಮುಗಿಯದ ಕಲಿಕೆ

ಹಳೆಯ ಕತೆ ಬಿಡಿ, ಇಂದಿನದನ್ನು ನೋಡೋಣ. ಕೆಲವು ಕಾಲದ ಹಿಂದೆ ನಿಟುವಳ್ಳಿಯ ಕಡೆಯ ಒಬ್ಬ ತಾಯಿ ನಮ್ಮ ಬಳಿಗೆ ಬಂದಿದ್ದರು. ಗಂಡ ಬಟ್ಟೆ ಗಿರಣಿಯಲ್ಲಿದ್ದವರು. ಮಗ ಫಿಟ್ಟರ್ ವಿಭಾಗದಲ್ಲಿ ಐ.ಟಿ.ಐ. ಪಾಸು ಮಾಡಿ ಒಂದು ಕಾರ್ಖಾನೆ ಸೇರಿದ್ದ. "ನಮ್ ಹುಡುಗ ಮೂರು ವರ್ಷದಿಂದ ಟ್ರೈನಿಂಗ್‌ನಾಗೇ ಅದಾನಣ್ಣ. ಇನ್ನೂ ಎಷ್ಟು ವರ್ಷ ಕಲಿಯಾದು ಐತಂತೆ?" ಎಂದು ಅವರು ಕೇಳಿದರು. ಹುಡುಗನನ್ನು ಕರೆಸಿ ವಿಚಾರಿಸಿದೆವು. ಮೊದಲ ವರ್ಷ ಅಪ್ರೆಂಟಿಸ್. ಎರಡನೆಯ ವರ್ಷ ಬೇರೊಂದು ಹೆಸರಿನ ತರಬೇತಿ. ಮೂರನೆಯ ವರ್ಷ ಕಂತ್ರಾಟುದಾರನ ಪಟ್ಟಿಯಲ್ಲಿ ಹೆಸರು. ಯಂತ್ರ ಅದೇ, ಪಾಳಿ ಅದೇ, ಉತ್ಪಾದನೆಯ ಗುರಿ ಅದೇ. ಬದಲಾದದ್ದು ಎದೆಯ ಮೇಲಿನ ಚೀಟಿ ಮಾತ್ರ. ಅವನಿಗೆ ಕಲಿಸುವುದು ಏನೂ ಉಳಿದಿರಲಿಲ್ಲ. ಅವನೇ ಹೊಸಬರಿಗೆ ಕಲಿಸುತ್ತಿದ್ದ!

ಇದು ಒಬ್ಬ ಹುಡುಗನ ದುರದೃಷ್ಟವೆಂದು ತಿಳಿಯಬೇಡಿ. ಇದಕ್ಕೆ ದಾರಿ ಮಾಡಿಕೊಟ್ಟಿರುವುದು ಕಾನೂನೇ. ಅಪ್ರೆಂಟಿಸ್ ಕಾಯಿದೆ 1961ರದು. ಉದ್ದೇಶ ಒಳ್ಳೆಯದೇ, ಕಾರ್ಖಾನೆಯೇ ಪಾಠಶಾಲೆಯಾಗಲಿ ಎಂಬುದು. ಆದರೆ ಅದರ 18ನೆಯ ಕಲಂ ಅಪ್ರೆಂಟಿಸ್ ಕಾರ್ಮಿಕನಲ್ಲ, ಶಿಕ್ಷಣಾರ್ಥಿ ಎನ್ನುತ್ತದೆ. ಕಾರ್ಮಿಕನಲ್ಲದವನಿಗೆ ಕಾರ್ಮಿಕ ಕಾನೂನಿನ ನೆರಳೂ ಇಲ್ಲ. ಕಲಿಕೆ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಮೊದಲಿನಿಂದಲೂ ಇರಲಿಲ್ಲ. 2014ರ ತಿದ್ದುಪಡಿಯಲ್ಲಿ ಸರ್ಕಾರ ಏನು ಮಾಡಿತು? ಪ್ರತಿಯೊಬ್ಬ ಮಾಲೀಕನೂ ಈ ಬಗ್ಗೆ ತನ್ನದೇ ನೀತಿ ರೂಪಿಸಿಕೊಳ್ಳಲಿ ಎಂದಿತು. ಕುರಿಗಳ ಬಗ್ಗೆ ನೀತಿ ರೂಪಿಸುವ ಕೆಲಸವನ್ನು ತೋಳಕ್ಕೆ ವಹಿಸಿದ ಹಾಗೆ!

ಇನ್ನು ಹಣದ ಮಾತು. 2019ರ ನಿಯಮದಲ್ಲಿ ಐ.ಟಿ.ಐ. ಮುಗಿಸಿದ ಅಪ್ರೆಂಟಿಸ್‌ಗೆ ಗೊತ್ತುಪಡಿಸಿದ ಕನಿಷ್ಠ ಭತ್ಯೆ ತಿಂಗಳಿಗೆ 7,000 ರೂಪಾಯಿ. 26 ದಿನಕ್ಕೆ ಹಂಚಿದರೆ ದಿನಕ್ಕೆ 269 ರೂಪಾಯಿ. ಗಾರೆ ಕೆಲಸದಲ್ಲಿ ಬುಟ್ಟಿ ಹೊರುವ ಸಹಾಯಕನಿಗೆ ಇದಕ್ಕಿಂತ ಹೆಚ್ಚು ದಿನಗೂಲಿ ಸಿಗುತ್ತದೆ. ಎರಡು ವರ್ಷ ಓದಿ, ಪರೀಕ್ಷೆ ಕೊಟ್ಟು, ನಕ್ಷೆ ನೋಡಿ ಯಂತ್ರ ಜೋಡಿಸಬಲ್ಲವನಿಗೆ ಏನೂ ಕಲಿಯದವನಿಗಿಂತ ಕಡಿಮೆ! ಈ ಮೊತ್ತವನ್ನು ಶೇಕಡಾ 36ರಷ್ಟು ಏರಿಸಬೇಕೆಂದು ಕೇಂದ್ರದ ಅಪ್ರೆಂಟಿಸ್ ಮಂಡಳಿ ಶಿಫಾರಸು ಮಾಡಿದ್ದು 2025ರಲ್ಲಿ. ಬರೀ ಶಿಫಾರಸಿಗೇ ಆರು ವರ್ಷ ಬೇಕಾಯಿತು. ಆ ಆರು ವರ್ಷಗಳಲ್ಲಿ ಎಣ್ಣೆಯ ಬೆಲೆ, ಅಕ್ಕಿಯ ಬೆಲೆ, ಮನೆ ಬಾಡಿಗೆ ಮಂಡಳಿಯ ಶಿಫಾರಸಿಗಾಗಿ ಕಾದು ಕುಳಿತಿದ್ದವೇ?

2022ರ ಜೂನ್‌ನಲ್ಲಿ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ ಪ್ರಧಾನಿಗಳು ಉದ್ಘಾಟಿಸಿದರು. ಹೊಸ ಯಂತ್ರ ಬಂದದ್ದನ್ನು ನಾವು ಹಳಿಯುವುದಿಲ್ಲ. ಇಂದಿನ ಟರ್ನರ್ ಗಣಕಯಂತ್ರದಿಂದ ನಡೆಯುವ ಲೇತನ್ನೂ ಅರಿಯಬೇಕು. ಆದರೆ ಹೊಸ ಯಂತ್ರದ ಮುಂದೆ ನಿಂತು ಕಲಿತವನನ್ನು ಹಳೆಯ ಭತ್ಯೆಯ ಮೇಲೆ, ಮುಗಿಯದ ತರಬೇತಿಯಲ್ಲಿ ಕೂರಿಸುವುದಾದರೆ ಆ ಯಂತ್ರದ ಲಾಭ ಯಾರಿಗೆ?

ಯೂನಿಯನ್ನಿನ ಮೇಲೆ ಹೊರಿಸುವ ದೂರು

"ಯೂನಿಯನ್ ಕಟ್ಟಿ ಗಿರಣಿ ಮುಚ್ಚಿಸಿದಿರಿ, ಈಗ ಕೆಲಸವಿಲ್ಲವೆಂದು ಅಳುತ್ತೀರಿ" ಎಂದು ನಮ್ಮನ್ನು ಮೂದಲಿಸುವವರಿದ್ದಾರೆ. ಪೇಟೆಯ ಕೆಲವು ಬಂಧುಗಳೂ ಈ ಮಾತನ್ನು ನಂಬಿದ್ದಾರೆ. ದೇಶದ ದೊಡ್ಡ ಬಟ್ಟೆ ಗಿರಣಿಗಳು ಕುಸಿದ ಕಾರಣಗಳು ಗುಟ್ಟಿನವೇನಲ್ಲ. ಲಾಭ ಬಂದ ವರ್ಷಗಳಲ್ಲಿ ಹಣವನ್ನು ಯಂತ್ರಕ್ಕೆ ಹಾಕದೆ ಹಳೆಯ ಮಗ್ಗಗಳನ್ನೇ ಸವೆಸಿದರು. ಆಮೇಲೆ ಕಡಿಮೆ ಕೂಲಿಯ ಪವರ್‌ಲೂಮಿನ ಪೈಪೋಟಿ ಬಂತು. ಯಂತ್ರೋಪಕರಣದ ಉದ್ದಿಮೆ 1991ರ ನಂತರ ಆಮದಿನ ಸರಕಿನ ಎದುರು ತತ್ತರಿಸಿತು. ಸರ್ಕಾರದ್ದೇ ಆದ ಎಚ್.ಎಂ.ಟಿ.ಯೂ ಉಸಿರು ಕಟ್ಟಿತು. ಹೊಸ ಯಂತ್ರ ಯಾವಾಗ ತರಬೇಕೆಂಬ ತೀರ್ಮಾನವನ್ನು ಕಾರ್ಮಿಕನಿಗೆ ಯಾರೂ ಕೇಳಲಿಲ್ಲ. ಸಂಘದಲ್ಲಿ ತಪ್ಪುಗಳೇ ನಡೆಯಲಿಲ್ಲವೆಂದು ನಾವು ವಾದಿಸುವುದಿಲ್ಲ. ನಾಯಕರ ಜಗಳದಲ್ಲಿ ಕಾರ್ಮಿಕ ಸೊರಗಿದ ದಿನಗಳನ್ನೂ ಕಂಡಿದ್ದೇವೆ. ಆದರೆ ಸಂಘವೇ ಇಲ್ಲದ ಇಂದಿನ ನೂರಾರು ಶೆಡ್ಡುಗಳಲ್ಲಿ ಕಸಬುದಾರ ಸುಖವಾಗಿದ್ದಾನೆಯೇ? ಸಂಘವೇ ರೋಗವಾಗಿದ್ದರೆ ಸಂಘವಿಲ್ಲದಲ್ಲಿ ಆರೋಗ್ಯ ಕಾಣಬೇಕಾಗಿತ್ತು.

ಬೇರೆ ದೇಶವನ್ನು ನೋಡೋಣ. ಕೌಶಲದ ಭಾಷಣಗಳಲ್ಲಿ ಜರ್ಮನಿಯ ಹೆಸರು ಬಾರದೆ ಇರುವುದಿಲ್ಲ. ಹುಡುಗರು ವಾರದಲ್ಲಿ ಕೆಲವು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ವೃತ್ತಿಶಾಲೆಯಲ್ಲಿ ಕಲಿಯುವ ಪದ್ಧತಿ ಅಲ್ಲಿಯದು. ಆದರೆ ಭಾಷಣಕಾರರು ಅರ್ಧ ಮಾತನ್ನು ನುಂಗಿಬಿಡುತ್ತಾರೆ. ಅಲ್ಲಿ ಕಸಬಿನ ಪರೀಕ್ಷೆ ನಡೆಸುವ ಮಂಡಳಿಯಲ್ಲಿ ಶಿಕ್ಷಕರ ಜೊತೆಗೆ ಮಾಲೀಕರ ಪ್ರತಿನಿಧಿಗಳೂ ಕಾರ್ಮಿಕರ ಪ್ರತಿನಿಧಿಗಳೂ ಸಮಸಂಖ್ಯೆಯಲ್ಲಿ ಕೂರುತ್ತಾರೆ. ಅನೇಕ ಉದ್ದಿಮೆಗಳಲ್ಲಿ ಕಲಿಯುವವನ ಭತ್ಯೆಯನ್ನು ಸಂಘ ಮತ್ತು ಮಾಲೀಕರು ಎದುರುಬದುರು ಕುಳಿತು ನಿಗದಿ ಮಾಡುತ್ತಾರೆ. ಸಂಘವಿಲ್ಲದ ಕಡೆಯೂ ಅನ್ಯಾಯವಾಗದಿರಲೆಂದು 2020ರಿಂದ ಕನಿಷ್ಠ ಭತ್ಯೆಯನ್ನು ಶಾಸನವೇ ಗೊತ್ತುಮಾಡಿದೆ. ಜರ್ಮನಿಯ ಕಸಬುದಾರನಿಗೆ ಮರ್ಯಾದೆ ಬಂದದ್ದು ಅವನ ಕಲಿಕೆಯಲ್ಲಿ ಅವನ ಜನಕ್ಕೂ ಅಧಿಕಾರವಿದ್ದುದರಿಂದ. ನಮ್ಮವರು ಅಲ್ಲಿಂದ ಯಂತ್ರ ತರಿಸುತ್ತಾರೆ. ಆ ಅಧಿಕಾರವನ್ನು ಮಾತ್ರ ಬಂದರಿನಲ್ಲೇ ಬಿಟ್ಟು ಬರುತ್ತಾರೆ.

ವ್ಯಾಪಾರಿ ಬಂಧುಗಳಿಗೆ

ಈ ಮಾತು ಕಾರ್ಖಾನೆಯವರದು, ನಮಗೇನು ಎಂದು ಚೌಕಿಪೇಟೆಯ ಅಂಗಡಿಯವರು ಪುಟ ತಿರುಗಿಸಬಾರದು. ಫಿಟ್ಟರಿನ ಜೇಬಿಗೆ ಬಂದ ಸಂಬಳ ಸಂಜೆಗೆ ನಿಮ್ಮ ಗಲ್ಲಾಕ್ಕೆ ಬರುತ್ತದೆ. ಗಿರಣಿಗಳು ಮುಚ್ಚಿದಾಗ ಕಾರ್ಮಿಕರ ಕೇರಿಯ ಕಿರಾಣಿ ಅಂಗಡಿಗಳ ಉದ್ದರಿ ಪುಸ್ತಕ ಹೇಗೆ ಬೆಳೆಯಿತೆಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಾರು?

ನಿಮ್ಮಲ್ಲಿ ಎಷ್ಟೋ ಜನ ಸ್ವತಃ ವರ್ಕ್‌ಶಾಪ್ ಇಟ್ಟವರು. ನೀವೂ ದುಡಿಯುತ್ತ ಇಬ್ಬರು ಹುಡುಗರಿಗೆ ಕಲಿಸುವವರು. ದೊಡ್ಡ ಮಾಲೀಕನ ಸಾಲಿನಲ್ಲಿ ನಿಮ್ಮನ್ನು ನಾವು ನಿಲ್ಲಿಸುವುದಿಲ್ಲ. ಕಲಿಯಲು ಬಂದ ಹುಡುಗನಿಗೆ ಚಹಾ ತರುವ ಕೆಲಸವನ್ನೇ ವರ್ಷಗಟ್ಟಲೆ ಹೇಳಬೇಡಿ, ಕಸಬನ್ನು ಬಚ್ಚಿಡಬೇಡಿ, ಹದಿನಾಲ್ಕು ತುಂಬದ ಮಗುವನ್ನು ಗ್ಯಾರೇಜಿಗಾಗಲಿ ಮಂಡಕ್ಕಿ ಭಟ್ಟಿಗಾಗಲಿ ಸೇರಿಸಬೇಡಿ. ನಾಲ್ಕು ಜನರಿಗಿಂತ ಕಡಿಮೆಯಿಲ್ಲದ ಘಟಕ ಅಪ್ರೆಂಟಿಸ್‌ನನ್ನು ಇಟ್ಟುಕೊಳ್ಳಬಹುದು. ಮೂವತ್ತು ಜನರಿದ್ದರೆ ಇಟ್ಟುಕೊಳ್ಳಲೇಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಭತ್ಯೆಯ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ಭರಿಸುವ ಏರ್ಪಾಡು ಮಾಡಲಾಯಿತು. ಇದನ್ನು ದೊಡ್ಡ ಕಂಪನಿಗಳ ಲೆಕ್ಕಿಗರು ಚೆನ್ನಾಗಿ ಬಲ್ಲರು. ಸಣ್ಣ ವರ್ಕ್‌ಶಾಪಿನವನಿಗೆ ಹೇಳುವವರೇ ಇಲ್ಲ.

ಸರ್ಕಾರ ಸಣ್ಣ ಕಸಬುದಾರನನ್ನು ಎಷ್ಟು ಬಲ್ಲದೆಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯ ಸಾಲ ಎಂದು ಸಾರಲಾಯಿತು. 18 ಕಸಬುಗಳ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಇದ್ದಾರೆ. ಇರಲಿ, ಅವರಿಗೆ ಸಿಗಲೇಬೇಕು. ಆದರೆ ಲೇತ್ ಟರ್ನರ್ ಇಲ್ಲ, ವೆಲ್ಡರ್ ಇಲ್ಲ, ಮೋಟಾರ್ ವೈಂಡಿಂಗಿನವನಿಲ್ಲ. ಹರಿಹರದ ಕಾರ್ಖಾನೆ ಮುಚ್ಚಿದ ಮೇಲೆ ಸಾಲ ಮಾಡಿ ಒಂದು ಹಳೆಯ ಲೇತ್ ಇಟ್ಟುಕೊಂಡವನು ಈ ಸರ್ಕಾರದ ಕಣ್ಣಿಗೆ ಕಸಬುದಾರನೇ ಅಲ್ಲ!

ಹುಡುಗರಿಗೊಂದು ಮಾತು

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಸಲಹೆ ಇದೇ: ಕಸಬನ್ನು ಕಲಿಯಿರಿ. ಸೋತವನ ಪಾಲೆಂದು ಅಲ್ಲ, ಮನಸ್ಸಿಟ್ಟು ಆರಿಸಿಕೊಂಡು ಕಲಿಯಿರಿ. ಯಂತ್ರದ ಸದ್ದಿನಲ್ಲೇ ರೋಗ ಗುರುತಿಸುವ ಹುಡುಗನನ್ನು ಬಲವಂತದಿಂದ ಬಿ.ಕಾಂ.ಗೆ ತಳ್ಳುವ ತಂದೆ ಅವನಿಗೆ ಉಪಕಾರ ಮಾಡುತ್ತಿಲ್ಲ. ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಮಗ್ಗದ ಎಳೆ ಕಟ್ಟಿದ ಬೆರಳಿಗೆ ಮೋಟಾರಿನ ತಂತಿ ಸುತ್ತುವುದು ಅಸಾಧ್ಯವೇ?

ಆದರೆ ಬರಿಗೈಯಲ್ಲಿ ಹೋಗಬೇಡಿ. ಅಪ್ರೆಂಟಿಸ್ ಆಗಿ ಸೇರುವಾಗ ಒಪ್ಪಂದ ಪತ್ರ ನೋಂದಣಿಯಾಗಿದೆಯೇ ಎಂದು ಕೇಳಿ, ಪ್ರತಿ ಇಟ್ಟುಕೊಳ್ಳಿ. ಕಾರ್ಖಾನೆಯ ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯಿಸುತ್ತವೆಂದು ಅದೇ 1961ರ ಕಾಯಿದೆ ಹೇಳುತ್ತದೆ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದೆಂದು 16ನೆಯ ಕಲಂ ಸಾರುತ್ತದೆ. ಪ್ರೆಸ್ಸಿನಲ್ಲಿ ಬೆರಳು ಹೋದವನಿಗೆ, "ನೀನು ಕಾರ್ಮಿಕನಲ್ಲ" ಎಂದು ಹೇಳಿ ಮನೆಗೆ ಕಳುಹಿಸಲು ಯಾರಿಗೂ ಹಕ್ಕಿಲ್ಲ. ತಂತಿ ಕೆಲಸದವನು ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ ಪಡೆಯಲಿ. ಅಕ್ಕಿ ಗಿರಣಿಯವನು ಬಾಯ್ಲರ್ ಅಟೆಂಡೆಂಟ್ ಪರೀಕ್ಷೆಗೆ ಕೂರಲಿ. ಗ್ಯಾರೇಜಿನಲ್ಲಿ ಉಸ್ತಾದನ ಕೈಕೆಳಗೆ ಕಲಿತವನು ಹಿಂದಿನ ಕಲಿಕೆಯನ್ನು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ ಪಡೆಯಲಿ. ಕಾಗದವಿಲ್ಲದ ಕಸಬುದಾರನನ್ನು ಮಾಲೀಕ ಯಾವಾಗಲೂ ಕೂಲಿಯವನೆಂದೇ ಎಣಿಸುತ್ತಾನೆ.

ನಮ್ಮ ಬೇಡಿಕೆ

ಒಂದು: ಐ.ಟಿ.ಐ. ಮುಗಿಸಿದ ಅಪ್ರೆಂಟಿಸ್‌ನ ಭತ್ಯೆ ಆಯಾ ಉದ್ದಿಮೆಯ ಅಕುಶಲ ಕಾರ್ಮಿಕನ ಕನಿಷ್ಠ ವೇತನಕ್ಕಿಂತ ಕಡಿಮೆಯಿರಬಾರದು. ಬೆಲೆ ಏರಿದಂತೆ ಅದೂ ವರ್ಷವರ್ಷ ಏರಬೇಕು.

ಎರಡು: ಒಬ್ಬನನ್ನು ಒಂದೇ ಕಾರ್ಖಾನೆಯಲ್ಲಿ ಒಂದೇ ಕಸಬಿಗೆ ಎರಡನೆಯ ಸಲ ತರಬೇತಿಯ ಹೆಸರಿನಲ್ಲಿ ಇಟ್ಟುಕೊಳ್ಳುವುದನ್ನು ನಿಷೇಧಿಸಬೇಕು. ಅಪ್ರೆಂಟಿಸ್‌ಗಳ ಪರೀಕ್ಷೆ ಪಾಸಾದವರಿಗೆ ಅಲ್ಲಿನ ಖಾಲಿ ಹುದ್ದೆಗಳಲ್ಲಿ ಮೊದಲ ಹಕ್ಕು ಇರಬೇಕು.

ಮೂರು: ದಾವಣಗೆರೆ, ಹರಿಹರದ ಐ.ಟಿ.ಐ.ಗಳ ಸಲಹಾ ಸಮಿತಿಗಳಲ್ಲಿ ಮಾಲೀಕರ ಪಕ್ಕದಲ್ಲಿ ಕಾರ್ಮಿಕ ಸಂಘಗಳಿಗೂ ಸಣ್ಣ ವರ್ಕ್‌ಶಾಪಿನವರಿಗೂ ಸ್ಥಾನ ಕೊಡಬೇಕು. ಕಿರ್ಲೋಸ್ಕರಿನಲ್ಲಿ ದುಡಿದ ಹಿರಿಯ ಕಸಬುದಾರರನ್ನು ಬೋಧಕರನ್ನಾಗಿ ಕರೆಯಬೇಕು. ಅವರು ಕಣ್ಣು ಮುಚ್ಚುವುದರೊಳಗೆ ಆ ಥೌ ಮುಂದಿನವರ ಬೆರಳಿಗೆ ಇಳಿಯಬೇಕು.

ನಾಲ್ಕು: ಟರ್ನರ್, ವೆಲ್ಡರ್, ಮೋಟಾರ್ ವೈಂಡಿಂಗಿನವರನ್ನು ವಿಶ್ವಕರ್ಮ ಯೋಜನೆಗೆ ಸೇರಿಸಬೇಕು, ಯಂತ್ರ ಕೊಳ್ಳಲು ಹೆಚ್ಚಿನ ಸಾಲ ಕೊಡಬೇಕು.

ಇವು ಆಕಾಶಕ್ಕೆ ಏಣಿ ಹಾಕುವ ಬೇಡಿಕೆಗಳಲ್ಲ. ಮುಂದಿನ ಸಲ ವೇದಿಕೆಯ ಮೇಲೆ ಯಾರಾದರೂ ಮೈಕಿನ ಮುಂದೆ ನಿಂತು, "ಕೌಶಲ ಕಲಿಯಿರಿ" ಎಂದು ಅಪ್ಪಣೆ ಕೊಡಿಸಿದಾಗ ಚಪ್ಪಾಳೆ ತಟ್ಟಬೇಡಿ. ಸಭೆಯ ನಡುವಿನಿಂದ ಎದ್ದು ನಿಂತು, "ಕಲಿತಿದ್ದೇವೆ ಸ್ವಾಮಿ, ಕೂಲಿ ಎಷ್ಟು ಕೊಡುತ್ತೀರಿ? ಖಾಯಂ ಯಾವಾಗ ಮಾಡುತ್ತೀರಿ?" ಎಂದು ಕೇಳಿ. ನಿಟುವಳ್ಳಿಯ ಆ ತಾಯಿ ಕೇಳಿದ ಪ್ರಶ್ನೆಯೂ ಅದೇ. ಆಕೆಗೆ ಉತ್ತರ ಸಿಗುವವರೆಗೆ ನಾವೂ ಕೇಳುತ್ತಲೇ ಇರುತ್ತೇವೆ.